ಯಾವ ಸಿಮೆಂಟ್ ಹಾಕಿಸಲಿ ಎಂದು ಕೇಳುವವರಿಗೆ

ಮನೆ ಕಟ್ಟಲು ಹೊರಟವರು ಸಿಕ್ಕಿದರೆ ಮೊದಲು ಕೇಳುವುದು ಇದೇ: "ಸರ್, ಯಾವ ಕಂಪನಿ ಸಿಮೆಂಟ್ ಹಾಕಿಸಲಿ?" ಚೀಲ ಹೊಸದಿರಲಿ, ಒಳಗೆ ಗಂಟು ಕಟ್ಟಿರಬಾರದು. ಅಷ್ಟು ನೋಡಿಕೊಂಡ ಮೇಲೆ ಕಂಪನಿ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕಣ್ಣು ನೀರಿನ ಮೇಲಿರಲಿ. ಕಾಂಕ್ರೀಟ್ ಕಲಸುವಾಗ ನೀರು ಕಡಿಮೆ, ಹಾಕಿದ ಮೇಲೆ ನೀರು ಧಾರಾಳ. ಹೆಚ್ಚಿನ ಕಡೆ ನಾನು ಕಾಣುವುದು ಇದರ ಉಲ್ಟಾ.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ಗಟ್ಟಿಯಾಗುವುದು ಸಿಮೆಂಟ್ ಮತ್ತು ನೀರು ರಾಸಾಯನಿಕವಾಗಿ ಬೆರೆತು. ನೀರಲ್ಲಿ ಮುಳುಗಿದ್ದರೂ ಗಟ್ಟಿಯಾಗುತ್ತದೆ. ಒಣಗಿಬಿಟ್ಟರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

50 ಕೆಜಿ ಚೀಲಕ್ಕೆ ಸುಮಾರು 25 ಲೀಟರ್ ನೀರು ಸಾಕು. ಅದರಲ್ಲೂ ಸಿಮೆಂಟಿನ ಜೊತೆ ರಾಸಾಯನಿಕವಾಗಿ ಸೇರುವುದು ಹೆಚ್ಚುಕಡಿಮೆ ಅರ್ಧ. ಅಗತ್ಯಕ್ಕಿಂತ ಜಾಸ್ತಿ ಸುರಿದ ನೀರು ಕೊನೆಗೆ ಆರಿ ಹೋಗುತ್ತದೆ, ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ನೀರು ಹೆಚ್ಚಿದಷ್ಟೂ ಶಕ್ತಿ ಕುಸಿಯುತ್ತದೆ ಎಂದು ಅಮೆರಿಕದ ಸಂಶೋಧಕ ಡಫ್ ಅಬ್ರಾಮ್ಸ್ 1918ರಲ್ಲೇ ತೋರಿಸಿಕೊಟ್ಟರು. ಮರಳು ಒದ್ದೆಯಾಗಿದ್ದರೆ ಅದರಲ್ಲಿರುವ ನೀರನ್ನೂ ಲೆಕ್ಕಕ್ಕೆ ಹಿಡಿದು ಇನ್ನೂ ಕಡಿಮೆ ಹಾಕಬೇಕು.

ಆದರೆ ಸ್ಲ್ಯಾಬ್ ಹಾಕುವ ದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕೈ ಸೋತಿರುತ್ತದೆ. "ಬಾಂಡ್ಲಿಯಿಂದ ಜಾರ್ತಾ ಇಲ್ಲ ಸರ್, ಸ್ವಲ್ಪ ನೀರು ಬಿಡ್ತೀನಿ" ಅಂತಾರೆ. ಅವರ ಕಷ್ಟ ನಿಜವಾದದ್ದು, ಸುಮ್ನೆ ಬೈದು ಪ್ರಯೋಜನವಿಲ್ಲ. ಪ್ಲಾಸ್ಟಿಸೈಸರ್ ಎಂಬ ದ್ರವ ಸಿಗುತ್ತದೆ, ಹೇಳಿದ ಅಳತೆಯಲ್ಲಿ ಹಾಕಿದರೆ ನೀರು ಹೆಚ್ಚಿಸದೆಯೇ ಕಾಂಕ್ರೀಟ್ ಸಡಿಲವಾಗುತ್ತದೆ. ನಾನು ಬೆಳಿಗ್ಗೆಯೇ ನೀರಿನ ಬಕೆಟ್ಟಿಗೆ ಬಣ್ಣದಲ್ಲಿ ಗೆರೆ ಎಳೆದಿಡುತ್ತೇನೆ. ಗೆರೆ ಇದ್ದರೆ ವಾದ ಇಲ್ಲ. ಮಿಕ್ಸರ್‌ಗೆ ಎಲ್ಲ ಹಾಕಿದ ಮೇಲೆ ಕನಿಷ್ಠ 2 ನಿಮಿಷ ತಿರುಗಲು ಬಿಡಿ. ಕಲಸಿಟ್ಟದ್ದು ಬಿಗಿಯಾಗತೊಡಗಿದರೆ ಮತ್ತೆ ನೀರು ಹಾಕಿ ಕಲಸಲೇಬಾರದು.

ಇನ್ನು ಹಾಕುವ ಕೆಲಸ. ಶುರುವಿನಲ್ಲಿ ನಾನು ನಿಂತು ಮಾಡಿಸಿದ ಒಂದು ಪಿಲ್ಲರ್ ಇನ್ನೂ ಕಣ್ಣ ಮುಂದಿದೆ. ಮಾರನೇ ದಿನ ಹಲಗೆ ಬಿಚ್ಚಿದರೆ ಬುಡದಲ್ಲಿ ಬರೀ ಜಲ್ಲಿ, ಜೇನುಗೂಡಿನ ಹಾಗೆ. ಬೆರಳು ತೂರಿಸಿದರೆ ಕಂಬಿ ಸಿಕ್ಕಿತು. ಹಲಗೆ ಸಂದಿಯಿಂದ ಸಿಮೆಂಟ್ ಹಾಲು ಸೋರಿಹೋಗಿತ್ತು, ಕಾಂಕ್ರೀಟ್ ಅದುರಿಸಿ ಒಳಗಿನ ಗಾಳಿ ಹೊರಡಿಸುವ ವೈಬ್ರೇಟರ್ ಕೆಳಗಿನವರೆಗೂ ಇಳಿದಿರಲಿಲ್ಲ. ಮೇಸ್ತ್ರಿ ಗಾರೆ ಮೆತ್ತಲು ಕರಣೆ ಎತ್ತಿಕೊಂಡಿದ್ದರು. ಬೇಡ ಎಂದೆ. ಒಡೆದು ಹೊಸದಾಗಿ ಹಾಕಿದೆವು.

ಅಂದಿನಿಂದ ಸಂದಿಗಳನ್ನು ಮೊದಲೇ ಮುಚ್ಚಿಸುತ್ತೇನೆ. ಒಂದೂವರೆ ಮೀಟರಿಗಿಂತ ಎತ್ತರದಿಂದ ಸುರಿಯಲು ಬಿಡುವುದಿಲ್ಲ, ಜಲ್ಲಿ ಬೇರೆಯಾಗುತ್ತದೆ. ವೈಬ್ರೇಟರ್ ಸೂಜಿ ನೆಟ್ಟಗೆ, ಬೇಗ ಇಳಿಯಬೇಕು, ನಿಧಾನಕ್ಕೆ ಮೇಲೆ ಬರಬೇಕು. ಗುಳ್ಳೆ ಏಳುವುದು ನಿಂತರೆ ಸಾಕು. ಅದನ್ನು ಮಲಗಿಸಿ ಕಾಂಕ್ರೀಟ್ ತಳ್ಳುವುದಾಗಲಿ, ಕಂಬಿಗೆ ತಾಗಿಸುವುದಾಗಲಿ ಮಾಡಬಾರದು.

ಇಷ್ಟು ಮುಗಿದ ಮೇಲೆ ನೀರಿಗೆ ಜಿಪುಣತನ ಬೇಡ. ಬಿಸಿಲು, ಗಾಳಿ ಜೋರಾಗಿದ್ದರೆ ಹಸಿ ಸ್ಲ್ಯಾಬ್ ಕೆಲವೇ ಗಂಟೆಯಲ್ಲಿ ಬಿರುಕು ಬಿಡುತ್ತದೆ, ಪ್ಲಾಸ್ಟಿಕ್ ಹಾಳೆ ಹೊದಿಸಿ. ಗಟ್ಟಿಯಾದ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿ. ಕನಿಷ್ಠ 7 ದಿನ. ಹಾರುಬೂದಿ (ಕಲ್ಲಿದ್ದಲು ಉರಿಸಿದಾಗ ಬರುವ ನುಣುಪು ಬೂದಿ) ಬೆರೆಸಿದ ಸಿಮೆಂಟ್ ನಿಧಾನಕ್ಕೆ ಬಲ ಪಡೆಯುತ್ತದೆ, ಅದಕ್ಕೆ 10 ದಿನವಾದರೂ ಬೇಕು.

ಸ್ಲ್ಯಾಬಿನ ಮೇಲೆ ನೀರು ನಿಲ್ಲುತ್ತದೆ, ಎಲ್ಲರಿಗೂ ಕಾಣುತ್ತದೆ. ಪಾಪ, ಪಿಲ್ಲರ್‌ಗಳನ್ನು ಕೇಳುವವರೇ ಇಲ್ಲ. ಇಡೀ ಮನೆ ಹೊರುವುದು ಅವೇ ಅಲ್ವಾ? ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪೈಪ್ ಹಿಡಿದರೆ ನಡುವೆ ಪೂರ್ತಿ ಒಣಗುತ್ತವೆ. ಗೋಣಿಚೀಲ ಸುತ್ತಿಸಿ. ಮಧ್ಯಾಹ್ನ 3 ಗಂಟೆಗೆ ನೀವೇ ಹೋಗಿ ಚೀಲದ ಒಳಗೆ ಕೈ ಹಾಕಿ ನೋಡಿ. ಕೈ ಒದ್ದೆಯಾಗಬೇಕು.