ಯೇಸು ಇದ್ಮೇಲೆ ಪೋಪ್ ಯಾಕ್ರೀ ಬೇಕು ನಿಮಗೆ?

ನಾನು ಕಥೋಲಿಕ ಕ್ರೈಸ್ತ, ಪೋಪ್ ಅಂದ್ರೆ ನಮ್ಮ ಧರ್ಮಸಭೆಯ ಮುಖ್ಯಸ್ಥರು. ಈ ಪ್ರಶ್ನೆ ನಂಗೆ ಎರಡು ಕಡೆಯಿಂದ ಬರುತ್ತೆ. ಆಫೀಸಲ್ಲಿ ಊಟದ ಹೊತ್ತಿಗೆ ಫ್ರೆಂಡ್ಸ್ ಕೇಳ್ತಾರೆ, "ಅಲ್ಲ ಗುರೂ, ನಿಮ್ಮ ಪೋಪ್ ಅಂದ್ರೆ ನಮ್ಮ ಮಠದ ಸ್ವಾಮೀಜಿ ಥರಾನಾ, ಇಲ್ಲಾ ದೇವರೇ ಅಂತ ನಂಬ್ತೀರಾ?" ಇನ್ನೊಂದು ಕಡೆ ನಮ್ಮ ಚಿಕ್ಕಪ್ಪನ ಮಗ. ಕೆಲವು ವರ್ಷದಿಂದ ಪೋಪ್‌ರನ್ನ ಒಪ್ಪದ ಪೆಂತೆಕೋಸ್ತ್ ಸಭೆಗೆ ಹೋಗ್ತಿದಾನೆ, ಕ್ರಿಸ್ಮಸ್‌ಗೆ ಮನೆಗೆ ಬಂದಾಗಲೆಲ್ಲ ಬಿರಿಯಾನಿ ತಟ್ಟೆ ಪಕ್ಕಕ್ಕಿಟ್ಟು ಶುರು ಮಾಡ್ತಾನೆ, "ಅಣ್ಣ, ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಒಬ್ಬನೇ, ತಿಮೊಥೇಯನಿಗೆ ಬರೆದ ಪತ್ರದಲ್ಲೇ ಇದೆ, ಮಧ್ಯದಲ್ಲಿ ಈ ಪೋಪು ಬಿಷಪ್ಪು ಫಾದರ್ರು ಎಲ್ಲ ಯಾಕೆ?" ಇಬ್ಬರಿಗೂ ಸೇರಿಸಿ ಇಲ್ಲೇ ಬರೆದುಬಿಡ್ತೀನಿ. ನಾನೇನು ದೇವಶಾಸ್ತ್ರ ಓದಿದೋನಲ್ಲ, ಭಾನುವಾರ ಪೂಜೆಗೆ ಹೋಗಿ ಹಿಂದಿನ ಬೆಂಚಲ್ಲಿ ಕೂರೋ ಪೈಕಿ.

ಪೋಪ್ ದೇವರಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಅವರೂ ಪಾಪನಿವೇದನೆ ಮಾಡಲೇಬೇಕು, ಅಂದ್ರೆ ಗುರುಗಳ (ಫಾದರ್) ಮುಂದೆ ತಮ್ಮ ಪಾಪ ಒಪ್ಪಿಕೊಂಡು ಕ್ಷಮೆ ಕೇಳಬೇಕು. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಸಂತ ಪೇತ್ರರ ಬಸಿಲಿಕದಲ್ಲಿ ಎಲ್ಲರ ಎದುರಿಗೇ ಒಬ್ಬ ಗುರುಗಳ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದ ಫೋಟೋ ಇದೆ, ನೋಡಿ ಬೇಕಾದ್ರೆ.

ಮಠದ ಹೋಲಿಕೆ ಅರ್ಧ ಸರಿ. ಪೀಠ ಇದೆ, ಪರಂಪರೆ ಇದೆ, ಯೇಸುವಿನ ಶಿಷ್ಯ ಪೇತ್ರನಿಂದ ಲೆಕ್ಕ ಹಾಕಿದ್ರೆ ಈಗಿನ ಹದಿನಾಲ್ಕನೇ ಲಿಯೋ 267ನೆಯವರು. ಆದ್ರೆ ಪೋಪ್ ತಮ್ಮ ಮರಿಯನ್ನ ತಾವೇ ಆರಿಸಿಟ್ಟು ಹೋಗಲ್ಲ. ಪೋಪ್‌ರನ್ನ ಆರಿಸೋದು ಕಾರ್ಡಿನಲ್‌ಗಳು ಅನ್ನೋ ಹಿರಿಯ ಧರ್ಮಾಧಿಕಾರಿಗಳು, 2025ರಲ್ಲಿ 133 ಜನ ಒಳಗೆ ಕೂತು ವೋಟ್ ಹಾಕಿದ್ರು, ಗೆಲ್ಲಕ್ಕೆ 89 ಬೇಕಿತ್ತು.

ಸರಿ, ಈ ಅಧಿಕಾರ ಎಲ್ಲಿಂದ ಬಂತು ಅನ್ನೋದು. ಮತ್ತಾಯನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಯೇಸು ಸೀಮೋನನಿಗೆ ನೀನು ಪೇತ್ರ, ಅಂದ್ರೆ ಬಂಡೆ, ಈ ಬಂಡೆ ಮೇಲೆ ನನ್ನ ಸಭೆ ಕಟ್ತೀನಿ ಅಂತಾರೆ, ಆಮೇಲೆ ಸ್ವರ್ಗರಾಜ್ಯದ ಬೀಗದ ಕೈ ನಿಂಗೆ ಕೊಡ್ತೀನಿ ಅಂತಾರೆ. ಎಲ್ಲರೂ ಬಂಡೆ ಮೇಲೇ ಜಗಳ ಆಡ್ತಾರೆ, ನಂಗೆ ಬೀಗದ ಕೈ ಜಾಸ್ತಿ ಮುಖ್ಯ ಅನ್ಸುತ್ತೆ, ಯಾಕಂದ್ರೆ ಅದು ಹಳೇ ಮಾತು. ಯೆಶಾಯನ ಪುಸ್ತಕದ 22ನೇ ಅಧ್ಯಾಯದಲ್ಲಿ ದಾವೀದನ ಮನೆತನದ ಬೀಗದ ಕೈಯನ್ನ ಎಲ್ಯಾಕೀಮ್ ಅನ್ನೋನ ಹೆಗಲ ಮೇಲೆ ಇಡ್ತಾರೆ. ಅವನು ರಾಜ ಅಲ್ಲ, ಅರಮನೆ ಪಾರುಪತ್ಯಗಾರ. ಬಾಗಿಲು ತೆಗೆಯೋದು ಹಾಕೋದು ಅವನ ಕೈಲಿ, ಮನೆ ಮಾತ್ರ ಅವನದ್ದಲ್ಲ. ಅವನಿಗಿಂತ ಮುಂಚೆ ಆ ಕೆಲಸದಲ್ಲಿದ್ದ ಶೆಬ್ನ ತನಗೇ ದೊಡ್ಡ ಸಮಾಧಿ ಕೊರೆಸ್ಕೊಂಡು ಮೆರೀತಿದ್ದ ಅಂತ ಕಿತ್ತು ಬಿಸಾಕಿದ ಕಥೇನೂ ಅಲ್ಲೇ ಇದೆ. ಪೋಪ್‌ಗಳಿಗೆ ಆಗಾಗ ಓದಿ ಹೇಳಬೇಕಾದ ಅಧ್ಯಾಯ ಅದು.

ಆದ್ರೆ ಈ ಪಾರುಪತ್ಯಗಾರನ ಹೋಲಿಕೆಲೂ ಒಂದು ತೊಂದರೆ ಇದೆ, ಯಜಮಾನ ಎಲ್ಲೋ ದೂರದ ಊರಿಗೆ ಹೋಗಿದಾನೆ, ಅವನಿಲ್ಲದಾಗ ಇವನು ಮನೆ ನೋಡ್ಕೊಳ್ತಿದಾನೆ ಅನ್ನಿಸಿಬಿಡುತ್ತೆ. ಕಥೋಲಿಕರ ನಂಬಿಕೆ ಹಾಗಲ್ಲ. ಸೌಲನ ಕಥೆ ನೋಡಿ. ಕ್ರೈಸ್ತರನ್ನ ಹಿಡಿದು ಕಟ್ಟಿ ತರಕ್ಕೆ ದಮಸ್ಕಸ್‌ಗೆ ಹೋಗ್ತಿದ್ದ, ದಾರೀಲಿ ಬೆಳಕು ಹೊಡೆದು ಕೆಳಗೆ ಬಿದ್ದ, ಆಗ ಕೇಳಿಸಿದ ಮಾತು "ನನ್ನನ್ನು ಏಕೆ ಹಿಂಸಿಸುತ್ತಿರುವೆ?" ನನ್ನ ಶಿಷ್ಯರನ್ನ ಅಂತ ಅಲ್ಲ, ನನ್ನನ್ನು ಅಂತ. ಸೌಲ ಎಳೆದಾಡಿದ್ದು ಯಾರೋ ಗಂಡಸರನ್ನ, ಹೆಂಗಸರನ್ನ. ಅದು ನನಗೇ ಆಗಿದ್ದು ಅಂತ ಯೇಸು ಹೇಳ್ಕೊಂಡ್ರು. ಮುಂದೆ ಅದೇ ಸೌಲ ಪೌಲ ಆಗಿ ಸಭೆ ಅಂದ್ರೆ ಕ್ರಿಸ್ತನ ದೇಹ ಅಂತ ಬರೆದಿದ್ದು ಸುಮ್ನೆ ಅಲ್ಲ, ಆ ರಸ್ತೇಲಿ ಬಿದ್ದ ಏಟು ಅದು. ಹಾಗಾಗಿ ನನ್ನ ತಮ್ಮನಿಗೆ ನಾನು ಹೇಳೋದು, ಮಧ್ಯಸ್ಥ ಒಬ್ಬನೇ ಸರಿ, ಧರ್ಮಸಭೆ ನಿನಗೂ ಯೇಸುಗೂ ನಡುವೆ ಹಾಕಿರೋ ಕೌಂಟರ್ ಅಲ್ಲ ಕಣೋ, ಅವರು ನಿನ್ನ ಮುಟ್ಟೋ ಕೈ ಅದು. "ನಿಮಗೆ ಕಿವಿಗೊಡುವವನು ನನಗೆ ಕಿವಿಗೊಡುತ್ತಾನೆ" ಅಂತ ಲೂಕನ 10ರಲ್ಲಿ ಅವರೇ ಹೇಳಿರೋದು. ಮತ್ತೆ ಅವನು ಕೈಲಿ ಹಿಡ್ಕೊಂಡು ಬರೋ ಬೈಬಲ್‌ನ ಹೊಸ ಒಡಂಬಡಿಕೇಲಿ 27 ಪುಸ್ತಕ ಇದೆಯಲ್ಲ, ಯಾವ್ಯಾವುದು ಒಳಗೆ ಯಾವ್ಯಾವುದು ಹೊರಗೆ ಅಂತ ಬೈಬಲ್ ಒಳಗೆ ಎಲ್ಲೂ ಬರೆದಿಲ್ಲ, ಆ ಪಟ್ಟಿಯನ್ನ 397ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಲ್ಲಿ ಕೂತು ಓದಿ ಒಪ್ಪಿದ್ದು ಬಿಷಪ್‌ಗಳು. ಇದು ಹೇಳಿದಾಗ ಅವನು ತಟ್ಟೆ ವಾಪಸ್ ಎತ್ಕೊಳ್ತಾನೆ.

ಹಾಗಾದ್ರೆ ಪೋಪ್ ಏನು ಬೇಕಾದ್ರೂ ಹೇಳಬಹುದಾ? ಇಲ್ಲ. ಸಾಲ ತಂದ ಅಧಿಕಾರಕ್ಕೆ ಅದೇ ತೊಡಕು. ಲೋಕದ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಬರೆದಿದೆ, ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗಿರೋದು ಅಂತ. ಪೋಪ್ ಇಡೀ ಸಭೆಗೆ ಅಂತ ಗಂಭೀರವಾಗಿ ಘೋಷಿಸಿದ ನಂಬಿಕೆಯ ಬೋಧನೆ ತಪ್ಪಾಗಲ್ಲ ಅನ್ನೋದು ಒಂದಿದೆಯಲ್ಲ, 1870ರಲ್ಲಿ ಘೋಷಿಸಿದ್ದು, ಅದೂ ಪೋಪ್ ಬಾಯಿಬಿಟ್ರೆ ಸಾಕು ವೇದವಾಕ್ಯ ಅಂತಲ್ಲ. ಆಮೇಲೆ ಆ ಥರ ಗಂಭೀರವಾಗಿ ಘೋಷಣೆ ಮಾಡಿದ್ದು 1950ರಲ್ಲಿ ಒಂದೇ ಸಲ, ಮಾತೆ ಮರಿಯಮ್ಮನವರು ದೇಹಾತ್ಮ ಸಮೇತ ಸ್ವರ್ಗಕ್ಕೆ ಹೋದದ್ದರ ಬಗ್ಗೆ, ಅದಕ್ಕೂ ಮುಂಚೆ 1946ರಲ್ಲಿ ಆಗಿನ ಪೋಪ್ ಹನ್ನೆರಡನೇ ಪಯಸ್ ಲೋಕದ ಬಿಷಪ್‌ಗಳಿಗೆಲ್ಲ ಕಾಗದ ಬರೆದು ನಿಮ್ಮ ಜನ ಏನು ನಂಬ್ತಾರೆ ಅಂತ ಕೇಳಿದ್ರು. ಮ್ಯಾಚ್ ಯಾರು ಗೆಲ್ತಾರೆ ಅಂತ ಪೋಪ್ ಹೇಳಿದ್ರೆ ನಾನು ನಂಬಬೇಕಿಲ್ಲ.

ನಂಗೆ ಇನ್ನೂ ತಲೆಕೊರೆಯೋ ಉದಾಹರಣೆ 1994ರದ್ದು. ಹೆಂಗಸರಿಗೆ ಗುರುದೀಕ್ಷೆ ಕೊಡೋ, ಅಂದ್ರೆ ಫಾದರ್ ಥರ ಗುರುಗಳನ್ನಾಗಿ ಮಾಡೋ ಬಗ್ಗೆ ಪೋಪ್ ಎರಡನೇ ಜಾನ್ ಪಾಲ್ ಕೊಟ್ಟ ಉತ್ತರ ನಾನು ಕೊಡಲ್ಲ ಅಂತ ಅಲ್ಲ, ಕೊಡೋ ಅಧಿಕಾರವೇ ಧರ್ಮಸಭೆಗಿಲ್ಲ ಅಂತ. ನನ್ನ ಹೆಂಡತಿಗೆ ಈ ಉತ್ತರ ಒಂಚೂರೂ ಸಮಾಧಾನ ಇಲ್ಲ, ನಂಗೂ ಪೂರ್ತಿ ಇದೆ ಅಂತ ಸುಳ್ಳು ಹೇಳಲ್ಲ. ಆದ್ರೂ ಅಷ್ಟು ದೊಡ್ಡ ಪೀಠದಲ್ಲಿ ಕೂತೋರು ಇದು ನನ್ನ ಕೈಲಿಲ್ಲ ಅಂದ್ರಲ್ಲ, ಆ ಬೀಗದ ಕೈ ಯಾರದ್ದು ಅಂತ ಅಲ್ಲಿ ಗೊತ್ತಾಗುತ್ತೆ.

ಇನ್ನು ಫಾದರ್ ಸರಿ ಇಲ್ದಿದ್ರೆ? ನಾನು ಚಿಕ್ಕೋನಿದ್ದಾಗ ನಮ್ಮ ಧರ್ಮಕೇಂದ್ರದಲ್ಲಿದ್ದ ಒಬ್ಬರು ಫಾದರ್‌ಗೂ ನಮ್ಮ ಮನೆಯವರಿಗೂ ಸ್ಮಶಾನದ ಜಾಗದ ವಿಷಯಕ್ಕೆ ದೊಡ್ಡ ಜಗಳ ಆಗಿತ್ತು. ಅಪ್ಪ ಮೂರು ತಿಂಗಳು ಚರ್ಚ್ ಕಡೆ ತಲೆ ಹಾಕಿಲ್ಲ. ಅಜ್ಜಿ ಮಾತ್ರ ದಿನಾ ಬೆಳಿಗ್ಗೆ ತಲೆ ಮೇಲೆ ಸೆರಗು ಹೊದ್ದು ಹೋಗಿ ಅದೇ ಫಾದರ್ ಕೈಯಿಂದ ಪರಮಪ್ರಸಾದ, ಅಂದ್ರೆ ಕ್ರಿಸ್ತನ ದೇಹ ಅಂತ ನಾವು ನಂಬೋ ರೊಟ್ಟಿ, ತಗೊಂಡು ಬರೋರು. ಅಪ್ಪ ರೇಗಿದ್ರೆ, "ನಾನು ಅವರ ಕೈ ನೋಡಕ್ಕೆ ಹೋಗಿದ್ನೇನೋ, ಕೈಲಿರೋದನ್ನ ತಗೊಳ್ಳಕ್ಕೆ ಹೋಗಿದ್ದು" ಅನ್ನೋರು. ಸಂತ ಅಗಸ್ಟೀನರು 1600 ವರ್ಷದ ಹಿಂದೆ, ಕೆಟ್ಟ ಗುರು ಕೊಟ್ಟ ಸಂಸ್ಕಾರ ನಡೆಯಲ್ಲ ಅಂತಿದ್ದ ದೊನಾಟಿಸ್ಟ್ ಪಂಗಡದವರ ಜೊತೆ ಕಿತ್ತಾಡಿದ್ದು ಇದೇ ವಿಷಯಕ್ಕೆ, ಪೇತ್ರ ಜ್ಞಾನಸ್ನಾನ ಕೊಟ್ರೂ ಕೊಡೋನು ಕ್ರಿಸ್ತನೇ, ಯೇಸುವನ್ನ ಹಿಡಿದುಕೊಟ್ಟ ಯೂದ ಕೊಟ್ರೂ ಕ್ರಿಸ್ತನೇ ಅಂತ. ಅಜ್ಜಿ ಅಗಸ್ಟೀನರನ್ನ ಓದಿರ್ಲಿಲ್ಲ, ಅವರಿಗೆ ಸಹಿ ಹಾಕಕ್ಕೂ ಬರ್ತಿರ್ಲಿಲ್ಲ.

ಇದನ್ನೇ ಗುರಾಣಿ ಮಾಡ್ಕೊಂಡವರೂ ಇದಾರೆ, ಅದನ್ನ ಮುಚ್ಚಿಡಲ್ಲ. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಗುರುಗಳನ್ನ ಊರಿಂದ ಊರಿಗೆ ವರ್ಗ ಮಾಡಿ ಬಚ್ಚಿಟ್ಟ ಬಿಷಪ್‌ಗಳಿದ್ರು, ಕೊನೆಗೆ 2019ರ ಫೆಬ್ರವರಿಯಲ್ಲಿ ಎಲ್ಲಾ ದೇಶದ ಬಿಷಪ್ ಮಂಡಳಿಗಳ ಅಧ್ಯಕ್ಷರನ್ನ ವ್ಯಾಟಿಕನ್‌ಗೆ ಕರೆಸಿ ಕೂರಿಸಬೇಕಾಯ್ತು. ಗುರು ಕೆಟ್ಟವನಾದ್ರೂ ಅವನು ಕೊಡೋ ಸಂಸ್ಕಾರ ಕೆಡಲ್ಲ ಅಂದ್ರೆ ಆ ಮನುಷ್ಯನನ್ನ ಪೊಲೀಸರಿಗೆ ಕೊಡಬಾರದು ಅಂತಲ್ಲ. ಅಂತಿಯೋಕ್ಯದಲ್ಲಿ ಪೇತ್ರ ತಪ್ಪು ಮಾಡಿದಾಗ ಪೌಲ ಮುಖಕ್ಕೆ ಮುಖ ಕೊಟ್ಟೇ ಬೈದ, ಅದನ್ನ ಗಲಾತ್ಯರ ಪತ್ರದಲ್ಲಿ ಬರೆದೂ ಇಟ್ಟ.

ಪೋಪ್ ಫ್ರಾನ್ಸಿಸ್ ತೀರಿಕೊಂಡಿದ್ದು 2025ರ ಏಪ್ರಿಲ್ 21, ಈಸ್ಟರ್ ಮಾರನೇ ದಿನ. ಪ್ರತಿ ಪೂಜೇಲೂ ನಡುವೆ ಪೋಪ್ ಹೆಸರು, ನಮ್ಮ ಬಿಷಪ್ ಹೆಸರು ಹೇಳಿ ಪ್ರಾರ್ಥಿಸೋ ಜಾಗ ಬರುತ್ತೆ, ಪೋಪ್ ಇಲ್ಲದಾಗ ಆ ಹೆಸರು ಬಿಟ್ಟುಬಿಡಬೇಕು. ಮುಂದಿನ ಭಾನುವಾರ ನಮ್ಮ ಫಾದರ್ ಹನ್ನೆರಡು ವರ್ಷದ ಅಭ್ಯಾಸಕ್ಕೆ "ಫ್ರಾ..." ಅಂತ ಶುರು ಮಾಡಿ ನಿಲ್ಲಿಸಿದ್ರು. ಒಂದು ಕ್ಷಣ ಚರ್ಚಲ್ಲಿ ಫ್ಯಾನ್ ಸದ್ದು ಮಾತ್ರ. ಆಮೇಲೆ ನೇರ ಬಿಷಪ್ ಹೆಸರಿಗೆ ಹೋದ್ರು, ಪೂಜೆ ಎಂದಿನ ಹಾಗೇ ನಡೀತು, ಜನ ಸಾಲಾಗಿ ನಿಂತು ಪರಮಪ್ರಸಾದ ತಗೊಂಡ್ರು. ಮೇ 8ಕ್ಕೆ ಹೊಸ ಪೋಪ್ ಆಯ್ಕೆಯಾದ್ರು ಅನ್ನೋ ಗುರುತಿನ ಬಿಳಿ ಹೊಗೆ ಬಂದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ ದಾಟಿತ್ತು, ಆ ಭಾನುವಾರ ಫಾದರ್ ಪುಸ್ತಕದಲ್ಲಿ ಒಂದು ಸಣ್ಣ ಚೀಟಿ ಅಂಟಿಸ್ಕೊಂಡು ಬಂದಿದ್ರು, "ಲಿಯೋ" ಅಂತ.