ಜಿನೋವಾದಲ್ಲಿ ಲಿಫ್ಟ್ ಹತ್ತಿ ಊರು ನೋಡಿದ್ದು

ಇಟಲಿಯ ಮಿಲಾನ್‌ನಿಂದ ಬಂದರು ಊರು ಜಿನೋವಾಕ್ಕೆ ರೈಲಿನಲ್ಲಿ ಎರಡು ಗಂಟೆಯ ಒಳಗಿನ ದಾರಿ. ನಾನೂ ನನ್ನ ಹೆಂಡತಿಯೂ ಬೆಳಿಗ್ಗೆಯೇ ಹೊರಟಿದ್ದೆವು. ಅವಳಿಗೆ ಮೊಣಕಾಲು ನೋವು. "ಓಡಿಸಬೇಡಿ, ಕೂತು ಕೂತು ನೋಡೋಣ" ಎಂದು ಮೊದಲೇ ಕರಾರು ಹಾಕಿದ್ದಳು. ಹಾಗಾಗಿ ನೋಡುವ ಜಾಗಗಳ ಪಟ್ಟಿ ಗಿಟ್ಟಿ ಮಾಡಿರಲಿಲ್ಲ.

ಸ್ಟೇಷನ್ನಿನಿಂದ ಹೊರಗೆ ಬಂದರೆ ಕೊಲಂಬಸ್‌ನ ಪ್ರತಿಮೆ. ಇದು ಅವನ ಊರು. ನಮ್ಮ ಕಡೆ ಬರಲು ಹೊರಟು ಇನ್ನೆಲ್ಲೋ ಮುಟ್ಟಿದ ಮಹಾಶಯ. "ದಾರಿ ತಪ್ಪಿದವರಿಗೂ ಪ್ರತಿಮೆ ಇಡ್ತಾರೆ ನೋಡ್ರೀ" ಎಂದಳು. ಹತ್ತೇ ನಿಮಿಷದಲ್ಲಿ ನಾವೂ ದಾರಿ ತಪ್ಪಿದ್ದೆವು.

ಹಳೇ ಊರಿನ ಓಣಿಗಳು ಹಾಗಿವೆ. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ತಾಗುತ್ತವೆ. ಮನೆಗಳೋ ಆರೇಳು ಅಂತಸ್ತು. ಮೇಲೆ ಒಂದು ಗೇಣು ಆಕಾಶ, ಅದಕ್ಕೂ ಅಡ್ಡವಾಗಿ ಒಣಹಾಕಿದ ಬಟ್ಟೆ. ಮೊಬೈಲಿನ ಮ್ಯಾಪ್ ನಮ್ಮನ್ನು ಯಾರದೋ ಅಡುಗೆಮನೆಯೊಳಗೆ ತೋರಿಸುತ್ತಿತ್ತು. ಜೇಬಿಗೆ ಹಾಕಿಬಿಟ್ಟೆ. ಇಳಿಜಾರು ಇದ್ದತ್ತ ನಡೆದರೆ ಸಮುದ್ರ ಸಿಗಲೇಬೇಕಲ್ವಾ?

ಸಮುದ್ರಕ್ಕಿಂತ ಮೊದಲು ಸಿಕ್ಕಿದ್ದು ಫರಿನಾಟಾ. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ, ಅಷ್ಟೆ. ಅಗಲವಾದ ತಾಮ್ರದ ತಟ್ಟೆಗೆ ತೆಳ್ಳಗೆ ಹುಯ್ದು ಸೌದೆ ಒಲೆಯೊಳಗೆ ತಳ್ಳುತ್ತಾರೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ. "ಇದು ಬೋಂಡಾ ಹಿಟ್ಟೇ ಕಣ್ರೀ, ಓಮ ಹಾಕಿಲ್ಲ" ಎಂದು ತೀರ್ಪು ಕೊಟ್ಟು ಇನ್ನೊಂದು ತುಂಡು ತರಿಸಿದಳು. ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ! ಪೆಸ್ಟೋ ಎಂಬ ಹಸಿರು ಚಟ್ನಿ ಹುಟ್ಟಿದ್ದೂ ಈ ಸೀಮೆಯಲ್ಲೇ. ಅದಕ್ಕೆ ಹಾಕುವ ಬೇಸಿಲ್ ಸೊಪ್ಪು ನಮ್ಮ ಕಾಮಕಸ್ತೂರಿಯ ಜಾತಿಯದೇ. ನಮ್ಮಲ್ಲಿ ಅದನ್ನು ಯಾರೂ ಚಟ್ನಿ ಅರೆದದ್ದು ನಾನು ಕಂಡಿಲ್ಲ.

ಸಾನ್ ಲೊರೆಂಜೊ ಚರ್ಚಿಗೆ ಕಪ್ಪು ಬಿಳಿ ಪಟ್ಟೆಯ ಕಲ್ಲು. ಒಳಗೆ ಒಂದು ಮೂಲೆಯಲ್ಲಿ ದೊಡ್ಡದೊಂದು ಫಿರಂಗಿ ಗುಂಡು ನಿಲ್ಲಿಸಿದ್ದಾರೆ. 1941ರ ಫೆಬ್ರವರಿ 9ರಂದು ಬ್ರಿಟಿಷ್ ಹಡಗುಗಳು ಊರಿನ ಮೇಲೆ ಗುಂಡು ಹಾರಿಸಿದಾಗ ಒಂದು ಈ ಚರ್ಚಿನ ಗೋಡೆ ಸೀಳಿ ಒಳಗೆ ಬಿತ್ತು, ಆದರೆ ಸಿಡಿಯಲಿಲ್ಲ. ಅದರ ಪಕ್ಕದಲ್ಲೇ ಒಬ್ಬ ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು. ಪ್ರಾರ್ಥನೆಯೋ ನಿದ್ದೆಯೋ ತಿಳಿಯಲಿಲ್ಲ. ನಾವೂ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತೆವು. ತಂಪಾಗಿತ್ತು.

ಕೊಲಂಬಸ್‌ನ ಮನೆ ಎಂದು ತೋರಿಸುವುದು ಆಮೇಲೆ ಮತ್ತೆ ಕಟ್ಟಿದ್ದಂತೆ. ಅಸಲಿ ಮನೆ 1684ರಲ್ಲಿ ಫ್ರೆಂಚರ ದಾಳಿಗೆ ಹೋಯಿತಂತೆ. ಟಿಕೆಟ್ ದುಡ್ಡು ಉಳಿಸಿದೆವು.

ಹಳೇ ಬಂದರು ಈಗ ಕಾಲಾಡಿಸುವ ಜಾಗ. ಕೊಲಂಬಸ್ ಯಾನಕ್ಕೆ 500 ವರ್ಷವಾದ 1992ರಲ್ಲಿ ಇದನ್ನು ಹೊಸದು ಮಾಡಿದವರು ಇದೇ ಊರಿನ ವಾಸ್ತುಶಿಲ್ಪಿ ರೆಂಜೊ ಪಿಯಾನೊ. ಎದುರಿಗೆ ಬಣ್ಣದ ಚಿತ್ರಗಳ ಸಾನ್ ಜಾರ್ಜಿಯೊ ಅರಮನೆ. ಮಾರ್ಕೊ ಪೋಲೊ ಸೆರೆಯಲ್ಲಿದ್ದದ್ದು ಇಲ್ಲೇ ಎನ್ನುತ್ತಾರೆ. ಅದರ ಮೂಗಿಗೇ ತಾಗುವಂತೆ ಒಂದು ಫ್ಲೈಓವರ್ ಹಾಯ್ದಿದೆ. ಬೆಂಗಳೂರಿನವನಾದ ನನಗೇ ಬೇಸರವಾಯಿತು ಅಂದರೆ ನೋಡಿ.

ಮಧ್ಯಾಹ್ನ ಗರಿಬಾಲ್ಡಿ ಬೀದಿಯ ಅರಮನೆಗಳನ್ನು ಹೊರಗಿನಿಂದಲೇ ನೋಡಿದೆವು. ಹೆಸರಾಂತ ವಯಲಿನ್ ವಾದಕ ಪಗನಿನಿಯ ವಯಲಿನ್ ಅಲ್ಲೇ ಒಂದರೊಳಗಿದೆ ಎಂದು ಗೊತ್ತಿದ್ದೂ ಒಳಗೆ ಹೋಗಲಿಲ್ಲ. ಅದೊಂದು ಈಗಲೂ ಕೊರೆಯುತ್ತದೆ.

"ಇನ್ನು ಹತ್ತೋಕೆ ಆಗಲ್ಲರೀ" ಎಂದಾಗ ನೆನಪಾದದ್ದು ಗುಡ್ಡದ ಮೇಲಿನ ಕಾಸ್ತೆಲೆತ್ತೊಗೆ ಹೋಗುವ ಲಿಫ್ಟ್. ಪೊರ್ತೆಲ್ಲೊ ಚೌಕದಲ್ಲಿ ಗುಡ್ಡದೊಳಗಿನ ಸುರಂಗದಲ್ಲಿ ನಡೆದರೆ ಲಿಫ್ಟ್ ಬಾಗಿಲು. ಊರಿನವರಿಗೆ ಇದು ಬಸ್ಸಿನ ಹಾಗೆ. ನಮ್ಮ ಜೊತೆ ಹತ್ತಿದವರ ಕೈಯಲ್ಲಿ ತರಕಾರಿ ಚೀಲ. ಮೇಲೆ ಬಾಗಿಲು ತೆರೆದರೆ ಬೆಳಗಿನಿಂದ ಕಾಣದಿದ್ದ ಆಕಾಶ ಒಟ್ಟಿಗೇ ಸಿಕ್ಕಿತು. ಕೆಳಗೆ ಬೂದು ಕಲ್ಲಿನ ಮಾಡುಗಳು, ಪಟ್ಟೆಪಟ್ಟೆ ಚರ್ಚು, ಕ್ರೇನುಗಳು, ದೂರದಲ್ಲಿ 77 ಮೀಟರ್ ಎತ್ತರದ ಲಂತೆರ್ನಾ ಲೈಟ್‌ಹೌಸ್. 1543ರಿಂದ ನಿಂತಿದೆ. ನಾವು ಸುತ್ತಿದ ಓಣಿಗಳು ಮಾತ್ರ ಒಂದೂ ಕಾಣಲಿಲ್ಲ.

ಬೆಂಚಿನಲ್ಲಿ ಕೂತೆವು. ಬಿಳಿ ಹಡಗೊಂದು ನಿಧಾನಕ್ಕೆ ಹೊರಡುತ್ತಿತ್ತು. "ಅದು ಹೋಗೋ ತನಕ ಇರೋಣ" ಎಂದಳು. ಹಡಗು ಹೋಯಿತು, ನಮ್ಮ ರೈಲೂ ಹೋಯಿತು. ಮುಂದಿನದು ಎಷ್ಟು ಹೊತ್ತಿಗೆ ಎಂದು ಅವಳು ಕೇಳುವ ಹೊತ್ತಿಗೆ ಲಂತೆರ್ನಾದ ದೀಪ ಹತ್ತಿತ್ತು.