ಬೋರ್ಡಿಲ್ಲದ ಆಫೀಸು

ತಿಂಗಳಿಗೆ ಎರಡು ದಿನ ನಮ್ಮ ಮನೆಯಲ್ಲಿ ರಾತ್ರಿಯ ರೊಟ್ಟಿಯನ್ನೂ ಬೆಳಿಗ್ಗೆಯೇ ಬಡಿದಿಟ್ಟುಬಿಡುತ್ತೇನೆ. 11ನೇ ತಾರೀಕು ಮತ್ತು 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ಅಂದರೆ ತೆರಿಗೆಯ ಲೆಕ್ಕ ಸಲ್ಲಿಸುವ ಕೊನೆಯ ದಿನಗಳು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಏನೇನು ಮಾರಿದಿರಿ ಅನ್ನುವ ಲೆಕ್ಕ. 20ಕ್ಕೆ ಜಿಎಸ್‌ಟಿಆರ್-3ಬಿ, ಎಷ್ಟು ತೆರಿಗೆ ಕಟ್ಟುತ್ತೀರಿ ಅನ್ನುವ ಲೆಕ್ಕ. ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಒಂದು ಟೇಬಲ್ ಹಾಕಿಕೊಂಡು ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆಯುವುದು ನನ್ನ ಕೆಲಸ. ಕಿರಾಣಿ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಇಳಕಲ್ ಸೀರೆ ಮಾರುವವರು, ಗುಳೇದಗುಡ್ಡದ ಖಣದ ವ್ಯಾಪಾರಿ. ಬಿ.ಕಾಂ. ಮುಗಿಸಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕಿದ್ದೆ. ಮಗ ಹುಟ್ಟಿದ ಮೇಲೆ ಬಿಟ್ಟೆ. ಅವನು ಶಾಲೆಗೆ ಹೋಗುವಂತಾದ ಮೇಲೆ ಮನೆಯಲ್ಲೇ ಶುರು ಮಾಡಿದೆ.

ಲೆಕ್ಕ ಬರೆಯುವುದು ಕಷ್ಟವಲ್ಲ. ಕಷ್ಟವೆಲ್ಲ ಅದರ ಸುತ್ತ ಇರುತ್ತದೆ.

ಓಟಿಪಿಯ ಮಾತು ತಗೊಳ್ಳಿ. ರಿಟರ್ನ್ ಪೂರ್ತಿ ತಯಾರಾಗಿ, ಕೊನೆಗೆ ಸಲ್ಲಿಸುವಾಗ ಓಟಿಪಿ ಬೇಕು. ಅದು ನನ್ನ ಫೋನಿಗೆ ಬರುವುದಿಲ್ಲ, ಅಂಗಡಿ ಮಾಲೀಕರ ಫೋನಿಗೆ ಹೋಗುತ್ತದೆ. ಅದು ಸರಿಯೇ, ವ್ಯಾಪಾರ ಅವರದು, ಸಹಿ ಅವರದು. ಆದರೆ 20ನೇ ತಾರೀಕಿನ ರಾತ್ರಿ ಮಾಲೀಕರು ಎಲ್ಲಿರುತ್ತಾರೆ ಅಂತ ಯಾರಿಗೆ ಗೊತ್ತು? ಜನವರಿಯಾದರೆ ಬನಶಂಕರಿ ಜಾತ್ರೆಯಲ್ಲಿ, ನಾಟಕ ಕಂಪನಿಯ ಟೆಂಟಿನೊಳಗೆ ಇರುತ್ತಾರೆ. ಫೋನ್ ಎತ್ತಿದರೆ ಮೊದಲು ಕೇಳಿಸುವುದು ಹಾರ್ಮೋನಿಯಂ. "ಅಕ್ಕಾರ, ಏನೂ ಕೇಳಸವಲ್ದ್ರಿ. ನಾಟಕ ಬಿಟ್ಟ ಮ್ಯಾಲ ಹಚ್ಚತೀನಿ." ನಾಟಕ ಬಿಡುವಷ್ಟರಲ್ಲಿ 21ನೇ ತಾರೀಕು ಆಗಿರುತ್ತದೆ. ಒಂದು ದಿನ ತಡವಾದರೆ 50 ರೂಪಾಯಿ ದಂಡ, ವ್ಯಾಪಾರವೇ ಆಗದ ತಿಂಗಳಾದರೆ 20. ತೆರಿಗೆ ಬಾಕಿ ಇದ್ದರೆ ಅದಕ್ಕೆ ವರ್ಷಕ್ಕೆ ಶೇ. 18ರ ಬಡ್ಡಿ ಬೇರೆ. ಮರುದಿನ ಆ 50 ರೂಪಾಯಿ ನನ್ನ ಫೀಸಿನಲ್ಲಿ ಕಟ್!

ಇನ್ನೊಬ್ಬ ಅಣ್ಣಾರು ಇದ್ದಾರೆ. ಓಟಿಪಿ ಬಂದಿರುತ್ತದೆ, ಹೇಳುವುದಿಲ್ಲ. "ಓಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರ ಮೆಸೇಜ್ ಬರತೈತಲ್ರಿ." ಜಾಣರೇ. ಪ್ರತಿ ಸಲ ಅವರ ಮಗಳ ಕೈಗೆ ಫೋನ್ ಕೊಡಿಸಿಯೇ ಕೆಲಸ ಮುಗಿಸಬೇಕು.

ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು, ತೆರಿಗೆ ಮಾತ್ರ ತಿಂಗಳಾ ಕಟ್ಟಬೇಕು. ನನ್ನ ಗಿರಾಕಿಗಳೆಲ್ಲ ಅದರೊಳಗೇ ಬರುತ್ತಾರೆ. ಅದಕ್ಕೆ ಹೋಗಿ ಅಂತ ನಾನೇ ಕೆಲವರಿಗೆ ಹೇಳಿದೆ. ಹೋದರು. ಈಗ ಮೂರು ತಿಂಗಳ ಬಿಲ್ಲನ್ನು ಒಂದೇ ಕೈಚೀಲದಲ್ಲಿ ತುಂಬಿ ತರುತ್ತಾರೆ. ಫೀಸೂ ಮೂರು ತಿಂಗಳಿಗೊಮ್ಮೆ.

ಮನೆಯವರ ಕಡೆಯದು ಬೇರೆಯೇ ಕಥೆ. "ಹೆಂಗೂ ಮನ್ಯಾಗ ಇರ್ತೀಯಲ್ಲ" ಅನ್ನುವ ಮಾತು ಶುರುವಾಯಿತು ಅಂದರೆ ಮುಂದೆ ಒಂದು ಕೆಲಸ ಇದೆ ಅಂತಲೇ ಲೆಕ್ಕ. ಪಕ್ಕದ ಮನೆಯವರ ಸಿಲಿಂಡರ್ ಬಂದರೆ ತಗೊಂಡು ಇಡಬೇಕು. ಅವರು ಇಬ್ಬರೂ ಡ್ಯೂಟಿಗೆ ಹೋಗಿರುತ್ತಾರೆ. ನಾನೂ ಡ್ಯೂಟಿಯಲ್ಲೇ ಇರುತ್ತೇನೆ, ಆದರೆ ನೈಟಿ ಹಾಕಿಕೊಂಡು ಮಾಡುವ ಡ್ಯೂಟಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅತ್ತೆಗೆ ಒಂದು ಮಾತು ಹೇಳಲೇಬೇಕು. ಅವರು ಬಯ್ಯುವವರಲ್ಲ. ಆದರೆ ಬೀಗರು ಬಂದಾಗ ನಾನು ಕಂಪ್ಯೂಟರ್ ಮುಂದೆ ಕೂತಿದ್ದರೆ ಅವರಿಗೇ ನಾಚಿಕೆ. "ಅಕಿ ಏನೋ ಮಾಡಾಕತ್ತಾಳ" ಅಂತ ಹೇಳಿ ಮಾತು ತಿರುಗಿಸುತ್ತಾರೆ. ಅದು "ಏನೋ" ಅಲ್ಲ ಅತ್ತಿ, ಈ ತಿಂಗಳ ಎಣ್ಣೆ ಬೇಳೆ ಅದರಿಂದಲೇ ಬಂದದ್ದು ಅಂತ ನಾನೂ ಹೇಳಿಲ್ಲ.

ಹೋದ ವರ್ಷ 2025ರ ಸೆಪ್ಟೆಂಬರ್ 22 ಮಾತ್ರ ಮರೆಯುವ ಹಾಗಿಲ್ಲ. ಅವತ್ತಿನಿಂದ ಬಹುತೇಕ ಸರಕುಗಳಿಗೆ ಜಿಎಸ್‌ಟಿಯ ಶೇ. 12 ಮತ್ತು 28ರ ದರಗಳು ಹೋದವು. ಸೋಪು, ಟೂತ್‌ಪೇಸ್ಟು, ಬಿಸ್ಕತ್ತು ಶೇ. 18ರಿಂದ 5ಕ್ಕೆ ಇಳಿದವು. ಸಿಮೆಂಟು 28ರಿಂದ 18ಕ್ಕೆ. ಕಿರಾಣಿಯವರಿಗೂ ಹಾರ್ಡ್‌ವೇರಿನವರಿಗೂ ಒಂದೇ ದಿನ ಬಿಲ್ಲಿನ ದರ ಎಲ್ಲ ಬದಲಾಗಬೇಕು. ಅವತ್ತೇ ನವರಾತ್ರಿಯ ಮೊದಲ ದಿನ. ನಮ್ಮ ಮನೆಯಲ್ಲಿ ಘಟ್ಟ ಹಾಕಬೇಕು, ಅಂದರೆ ದೇವರ ಮುಂದೆ ಮಣ್ಣು ಹರಡಿ ಕಾಳು ಬಿತ್ತಿ ಕಲಶ ಇಡಬೇಕು. ಒಂದು ಕಿವಿಯಲ್ಲಿ ಅತ್ತೆ, ಮಣ್ಣು ಜರಡಿ ಹಿಡಿದೆಯಾ ಅಂತ. ಇನ್ನೊಂದು ಕಿವಿಯಲ್ಲಿ ಹಾರ್ಡ್‌ವೇರಿನವರು, "ಹಳೇ ಸ್ಟಾಕಿಗೆ ಎಷ್ಟ ಹಚ್ಚಲಿ ಮೇಡಂ?" ಅಂತ. ಇವತ್ತು ಮಾರಿದರೆ ಇವತ್ತಿನ ರೇಟು, ಹಳೇದಿರಲಿ ಹೊಸದಿರಲಿ ಅಂತ ಹೇಳಿ ಹೇಳಿ ಗಂಟಲು ಒಣಗಿತು. ಕೀಬೋರ್ಡಿನ ಮೇಲೆ ಅರಿಶಿನ ಹತ್ತಿದ್ದು ಇನ್ನೂ ಪೂರ್ತಿ ಹೋಗಿಲ್ಲ.

ಇನ್ನು ದುಡ್ಡಿನ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಸಿಟ್ಟೆಲ್ಲ ಇಲ್ಲೇ ಇದೆ.

ಆಡಿಟರ್ ಆಫೀಸಿನಲ್ಲೂ ಇದೇ ಕೆಲಸವನ್ನು ನಾನೇ ಮಾಡುತ್ತಿದ್ದೆ. ಅಲ್ಲಿ ತಿಂಗಳಿಗೆ 1,500 ರೂಪಾಯಿ ಎಣಿಸಿ ಕೊಟ್ಟು, ನಮಸ್ಕಾರ ಮಾಡಿ ಹೋಗುತ್ತಿದ್ದ ಅಂಗಡಿಯವರೇ ಇಲ್ಲಿ 500ಕ್ಕೆ ಚೌಕಾಸಿ ಮಾಡುತ್ತಾರೆ. ಅದೇ ಬಿಲ್ಲು, ಅದೇ ಟ್ಯಾಲಿ ಸಾಫ್ಟ್‌ವೇರು, ಅದೇ ಕೈ. ಬದಲಾದದ್ದು ಗಾಜಿನ ಬಾಗಿಲು ಮತ್ತು ಎಸಿ ಮಾತ್ರ. "ಎರಡ ಬಟನ್ ಒತ್ತಾಕ ಅಷ್ಟ್ಯಾಕ್ರಿ?" ಅಂತ ಒಬ್ಬರು ಮುಖದ ಮೇಲೇ ಕೇಳಿದರು. ಇನ್ನೊಬ್ಬರ ವಾದ ಇನ್ನೂ ಚೆಂದ. "ನಿಮಗ ಬಾಡಿಗಿ ಇಲ್ಲ, ಕರೆಂಟೂ ಸರಕಾರದ್ದ ಫ್ರೀ."

ಆ ಫ್ರೀ ಕರೆಂಟಿನ ಹಕೀಕತ್ತು ಹೇಳುತ್ತೇನೆ ಕೇಳಿ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಅಂತಿಲ್ಲ. 2022-23ರಲ್ಲಿ ನೀವು ಸರಾಸರಿ ಎಷ್ಟು ಉರಿಸಿದ್ದಿರೋ ಅದರ ಮೇಲೆ ಸ್ವಲ್ಪ ಸೇರಿಸಿ ಅಷ್ಟು ಫ್ರೀ. ಆಗ ನಮ್ಮ ಮನೆಯಲ್ಲಿ ಕಂಪ್ಯೂಟರೂ ಇರಲಿಲ್ಲ, ಪ್ರಿಂಟರೂ ಇರಲಿಲ್ಲ. ಹೆಚ್ಚಿಗೆ ಉರಿದದ್ದಕ್ಕೆಲ್ಲ ನಾವೇ ಕಟ್ಟಬೇಕು. 200 ದಾಟಿದರಂತೂ ಪೂರ್ತಿ ಬಿಲ್ಲು ನಮ್ಮದೇ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಬಿಸಿಲು. ಮೇಲೆ ಸ್ಲ್ಯಾಬು ಕಾದ ಹಂಚಿನ ಹಾಗೆ ಆಗಿರುತ್ತದೆ. ಕೂಲರ್ ಹಚ್ಚದೆ ಕೂತರೆ ಬೆವರು ಬಿಲ್ಲಿನ ಮೇಲೆ ತೊಟ್ಟಿಕ್ಕುತ್ತದೆ. ಮಾರ್ಚ್ ಮುಗಿದ ಮೇಲಿನ ವರ್ಷದ ಲೆಕ್ಕದ ಕೆಲಸ ಜಾಸ್ತಿ ಇರುವುದೂ ಆಗಲೇ.

ಖಣದ ವ್ಯಾಪಾರಿ ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಆದರೆ ದೀಪಾವಳಿಗೆ ಬಾಕಿ ಫೀಸಿನ ಬದಲು ಖಣ ಕೊಟ್ಟು ಕಳಿಸಿದರು. ಕಡುಗೆಂಪು, ಹಸಿರು, ಅಂಚಿಗೆ ಹಳದಿ. ಎಷ್ಟು ಚೆಂದ ಅಂತೀರಿ. ಅತ್ತೆ ಒಂದು, ನಮ್ಮ ವೈನಿ ಒಂದು ಎತ್ತಿಕೊಂಡರು. ಆದರೆ ಖಣ ಕೊಟ್ಟು ಇಂಟರ್ನೆಟ್ ರೀಚಾರ್ಜ್ ಮಾಡಿಸಲು ಬರುವುದಿಲ್ಲ ಅಲ್ವಾ?

ಪುಕ್ಕಟೆ ಸಲಹೆಯ ಕಾಲವೂ ಒಂದು ಬಂತು. ಹೋದ ವರ್ಷ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಸುದ್ದಿ ಟಿವಿಯಲ್ಲಿ ಬಂದಿದ್ದೇ ತಡ, ನಮ್ಮ ಓಣಿಗೆಲ್ಲ ಹೆದರಿಕೆ. ಹಾಲಿನವನು, ತರಕಾರಿ ಗಾಡಿಯವಳು, ಮೂಲೆಯ ಚಹಾದಂಗಡಿಯವರು, ಎಲ್ಲರೂ ಗೇಟಿನ ಹತ್ತಿರ ಬಂದು ನಿಂತರು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ, ಸೇವೆಯವರು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಬಿಡಿ ಹಾಲಿಗೂ ತಾಜಾ ತರಕಾರಿಗೂ ತೆರಿಗೆಯೇ ಇಲ್ಲ ಅಂತ ಒಬ್ಬೊಬ್ಬರಿಗೂ ಹೇಳಿದೆ. ಅವರಿಂದ ದುಡ್ಡು ಕೇಳುವ ಮನಸ್ಸು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ತರಕಾರಿಯವಳು ಮೆಂತ್ಯೆ ಸೊಪ್ಪು ಕೊಟ್ಟು ಹೋದಳು. ಹಾರ್ಡ್‌ವೇರಿನವರಿಗಿಂತ ಅವಳೇ ಲೇಸು. ಕೇಳುವ ಮೊದಲೇ ಕೊಟ್ಟಳು.

ಕರೆಂಟ್ ಹೋದಾಗಲೆಲ್ಲ ಕೆಲಸ ನಿಲ್ಲುತ್ತದೆ ಅಂತ ಇನ್ವರ್ಟರ್ ತಗೊಳ್ಳೋಣ ಅಂದುಕೊಂಡೆ. ಮುದ್ರಾ ಯೋಜನೆಯ ಶಿಶು ಸಾಲ, 50 ಸಾವಿರದವರೆಗೆ ಸಿಗುತ್ತದೆ, ಏನೂ ಅಡ ಇಡಬೇಕಿಲ್ಲ. ಸಣ್ಣ ಉದ್ಯಮಗಳಿಗೆ ಸರಕಾರ ಕೊಡುವ ಉದ್ಯಮ್ ನೋಂದಣಿಯನ್ನು ಆಧಾರ್ ಇಟ್ಟುಕೊಂಡು ನಾನೇ ಮಾಡಿಕೊಂಡೆ, ಮನೆಯ ವಿಳಾಸವೇ ನಡೆಯುತ್ತದೆ. ಅದು ಪೂರಾ ಉಚಿತ, ಹೊರಗೆ ಅದಕ್ಕೂ ದುಡ್ಡು ಕೀಳುವವರಿದ್ದಾರೆ, ಕೊಡಬೇಡಿ. ನನ್ನದೂ ಆದಾಯ ತೆರಿಗೆ ರಿಟರ್ನ್ ಹಾಕುತ್ತೇನೆ, ಅದರ ಪ್ರತಿಯನ್ನೂ ಇಟ್ಟೆ. ಆದರೂ ಬ್ಯಾಂಕಿನಲ್ಲಿ ಮೊದಲ ಪ್ರಶ್ನೆ, "ನಿಮ್ಮ ಯಜಮಾನ್ರು ಏನ್ ಮಾಡ್ತಾರ?" ಅವರು ಏನು ಮಾಡುತ್ತಾರೆ ಅನ್ನುವುದಕ್ಕೂ ನನ್ನ ಇನ್ವರ್ಟರಿಗೂ ಏನು ಸಂಬಂಧ ಅಂತ ಕೇಳಬೇಕು ಅನ್ನಿಸಿತು. ಸಾಲ ಬೇಕಿತ್ತು, ಸುಮ್ಮನಾದೆ.

ಆಮೇಲೆ ಬ್ಯಾಂಕಿನಿಂದ ಒಬ್ಬರು ತಪಾಸಣೆಗೆ ಬಂದರು. ಪಡಸಾಲೆಯಲ್ಲಿ ನಿಂತು ಸುತ್ತ ನೋಡಿ, "ಯೂನಿಟ್ ಎಲ್ಲೈತ್ರಿ?" ಅಂದರು. ಟೇಬಲ್ ತೋರಿಸಿದೆ. ಟೇಬಲ್ಲಿನ ಒಂದು ಬದಿಗೆ ಮಗನ ಡ್ರಾಯಿಂಗ್ ಪುಸ್ತಕ, ಇನ್ನೊಂದು ಬದಿಗೆ ಬಿಡಿಸಿದ ಬೆಳ್ಳುಳ್ಳಿ. ಅವರು ಪಾಪ ಬೆಳ್ಳುಳ್ಳಿ ಸರಿಸಿ ಪ್ರಿಂಟರಿನ ಫೋಟೋ ತೆಗೆದರು. ಬೋರ್ಡಿನ ಫೋಟೋ ಬೇಕೇ ಬೇಕು, ಅದಿಲ್ಲದೆ ಫೈಲ್ ಮುಂದೆ ಹೋಗಲ್ಲ ಅಂದರು. ನಮ್ಮ ಮನೆಯವರು ಎ4 ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು, ಕೆಳಗೆ "ಜಿಎಸ್‌ಟಿ, ಲೆಕ್ಕಪತ್ರ" ಅಂತ ಪ್ರಿಂಟ್ ತೆಗೆದು ಬಾಗಿಲಿಗೆ ಟೇಪ್ ಹಚ್ಚಿ ಅಂಟಿಸಿದರು. ಫೋಟೋ ಆಯಿತು, ಚಹಾ ಆಯಿತು, ಸಾಲವೂ ಆಯಿತು.

ಹಾಳೆ ತೆಗೆಯಲು ಮರೆತಿದ್ದೆವು. ಮರುದಿನ ಬೆಳಿಗ್ಗೆ ಹಿಂದಿನ ಸಾಲಿನ ಮನೆಯ ಕಾಕಾ ಪಹಣಿ ಹಿಡಿದುಕೊಂಡು ಬಂದರು. ಇಷ್ಟು ವರ್ಷ ದಿನಾ ನಮ್ಮ ಮನೆ ಮುಂದೆಯೇ ವಾಕಿಂಗ್ ಹೋಗುವವರು.

"ಆಫೀಸ್ ತಗದೀರಂತಲ್ರಿ. ಝೆರಾಕ್ಸ್ ಆಗತೈತೇನು?"

"ಆಗತೈತಿ ಕಾಕಾ. ಪುಟಕ್ಕ ಮೂರ ರೂಪಾಯಿ."

ಪೇಟೆಯಲ್ಲಿ ಎರಡು ರೂಪಾಯಿ. ಕಾಕಾ ಮಾತಿಲ್ಲದೆ ಕೊಟ್ಟರು. ಬೋರ್ಡ್ ಬರೆಯುವವರ ಹತ್ತಿರ ರೇಟು ಕೇಳಿ ಬಂದಿದ್ದೇನೆ.